‘ಕ್ಯಾಂಡಿಡ್’ ಮದುವೆ ಮನೆ ಸೇರಿತು, ಬೀದಿಯ ಫೋಟೊಗೆ ಏನನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ಜನ ತಮ್ಮ ಪಾಡಿಗೆ ತಾವಿದ್ದಾಗ, ಅವರಿಗೆ ಹೇಳದೆ ತೆಗೆದ ಫೋಟೊಗೆ ಕನ್ನಡದಲ್ಲಿ ಏನನ್ನುತ್ತೀರಿ? ಶಿವಮೊಗ್ಗದ ನಾವೊಂದಿಷ್ಟು ಗೆಳೆಯರು ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಅಂತ ಸುತ್ತಿ ತೆಗೆದ ಫೋಟೊಗಳನ್ನು ಒಂದು ಕಡೆ ನೇತು ಹಾಕಿ ತೋರಿಸಬೇಕು ಅಂತಿದ್ದೇವೆ. ಫೋಟೊ ಆರಿಸುವುದು ಬೇಗ ಮುಗಿಯಿತು. ಅಡಿಬರಹಕ್ಕೆ ಬಂದಾಗ ಜಗಳ ಶುರುವಾಯಿತು.

‘ಕ್ಯಾಂಡಿಡ್’ ಅಂತಲೇ ಬರೆಯಿರಿ, ಎಲ್ಲರಿಗೂ ಗೊತ್ತು ಅನ್ನಬಹುದು. ಗೊತ್ತಿರುವುದೇ ತೊಂದರೆ. ನಮ್ಮ ಕಡೆ ಆ ಪದ ಈಗ ಮದುವೆ ಮನೆಯ ಸೊತ್ತು. ಸ್ಟುಡಿಯೊದವರು ಕ್ಯಾಂಡಿಡ್‌ಗೆ ಬೇರೆ ರೇಟು, ಡ್ರೋನ್‌ಗೆ ಬೇರೆ ರೇಟು ಹೇಳುತ್ತಾರೆ. ಮದುಮಗಳನ್ನು ಕಿಟಕಿ ಹತ್ತಿರ ನಿಲ್ಲಿಸಿ, “ಮೇಡಂ, ಕ್ಯಾಮೆರಾ ನೋಡ್ಬೇಡಿ, ಆ ಕಡೆ ನೋಡಿ ಸ್ವಲ್ಪ ನಗಿ” ಅಂದು ತೆಗೆಯುವುದು ಇಲ್ಲಿ ಕ್ಯಾಂಡಿಡ್. ಹೇಳಿ ನಿಲ್ಲಿಸಿ ತೆಗೆದ, ಹೇಳದೆ ತೆಗೆದ ಫೋಟೊ! 1920ರ ದಶಕದ ಕೊನೆಯಲ್ಲಿ ಜರ್ಮನಿಯ ಎರಿಕ್ ಸಾಲೊಮನ್ ಎರ್ಮಾನಾಕ್ಸ್ ಅನ್ನುವ ಪುಟ್ಟ ಕ್ಯಾಮೆರಾವನ್ನು ಟೋಪಿಯೊಳಗೆ ಅಡಗಿಸಿಕೊಂಡು ಕೋರ್ಟಿನಲ್ಲೇ ಫೋಟೊ ತೆಗೆದಿದ್ದ. ಈ ಪದ ಹರಡಿದ್ದು ಅಂಥ ಚಿತ್ರಗಳ ಜೊತೆ. ಈಗ ಅದೇ ಪದ ಕಲ್ಯಾಣ ಮಂಟಪದಲ್ಲಿ ತಲೆಕೆಳಗಾಗಿ ನಿಂತಿದೆ. ಹೊರಗಿನ ಪದ ತಂದು ಅರ್ಥ ಬದಲಿಸಿಕೊಳ್ಳುವುದು ತಪ್ಪೇನಲ್ಲ. ಆದರೆ ನಮ್ಮ ಕೆಲಸಕ್ಕೆ ಅದು ಬರುವುದಿಲ್ಲ, ಅಷ್ಟೇ.

‘ಕದ್ದು ತೆಗೆದ ಫೋಟೊ’ ಅಂತ ಒಬ್ಬ ಗೆಳೆಯ ಹೇಳಿದ. ಕದ್ದು ನೋಡು, ಕದ್ದು ಕೇಳು, ಕದ್ದುಮುಚ್ಚಿ ಮಾಡು. ಕನ್ನಡದಲ್ಲಿ ‘ಕದ್ದು’ ಬಂದ ಕಡೆಯೆಲ್ಲ ತಪ್ಪಿತಸ್ಥರು ಇರಲೇಬೇಕು. ಪತ್ರಿಕೆಗಳ ‘ಕ್ಯಾಮೆರಾ ಕಣ್ಣಿಗೆ ಸೆರೆಯಾದ’ ಅನ್ನುವ ಮಾತೂ ಹಾಗೇ, ಪಾಪ, ಸೊಪ್ಪು ಮಾರುವ ಅಜ್ಜಿಯನ್ನು ಠಾಣೆಗೆ ಕರೆದುಕೊಂಡು ಹೋದಂತೆ ಕೇಳುತ್ತದೆ. ‘ಸಹಜ ಚಿತ್ರ’ ಅಂದರೆ ಸಪ್ಪೆ. ‘ಕ್ಲಿಕ್ಕಿಸು’ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಬೆರಳಿನ ಕೆಲಸ ಮಾತ್ರ ಹೇಳುತ್ತದೆ.

ಫ್ರೆಂಚರಲ್ಲಿ ಇದಕ್ಕೊಂದು ಚಂದದ ಮಾತಿದೆ. ಹೆನ್ರಿ ಕಾರ್ತಿಯೇ ಬ್ರೆಸೊನ್ 1952ರಲ್ಲಿ ತಂದ ಫೋಟೊ ಪುಸ್ತಕದ ಹೆಸರಿನಲ್ಲಿ ‘ಆ ಲಾ ಸೊವೆತ್’ ಅನ್ನುವ ಪದಗಳಿವೆ. ಲೈಸೆನ್ಸ್ ಇಲ್ಲದೆ ಬೀದಿಯಲ್ಲಿ ಸಾಮಾನು ಹರವಿ, ಪೊಲೀಸರು ಬಂದರೆ ಗಂಟು ಕಟ್ಟಿ ಓಡಲು ತಯಾರಾಗಿರುವ ವ್ಯಾಪಾರಕ್ಕೆ ಬಳಸುವ ಮಾತು ಅದು. ಇಂಗ್ಲಿಷಿಗೆ ಹೋದಾಗ ಆ ಬೀದಿ ವ್ಯಾಪಾರಿ ಮಾಯ. ‘ದ ಡಿಸೈಸಿವ್ ಮೊಮೆಂಟ್’ ಅಂತ ಬೇರೆಯದೇ ಹೆಸರು ಬಂತು. ನಾವು ಆ ಇಂಗ್ಲಿಷನ್ನು ಹಿಡಿದು ‘ನಿರ್ಣಾಯಕ ಕ್ಷಣ’ ಮಾಡಿಕೊಂಡೆವು. ನನಗಂತೂ ಅದನ್ನು ಓದಿದಾಗ ಕ್ರಿಕೆಟ್ಟಿನ ಕೊನೆ ಓವರ್ ನೆನಪಾಗುತ್ತದೆ. ‘ಹದ’ ಅನ್ನುವ ನಮ್ಮ ಪದ ಅಲ್ಲಿಗೆ ಸಾಕಿತ್ತು.

ಕಾಯುವ ಕೆಲಸಕ್ಕೆ ಮಲೆನಾಡಿನಲ್ಲೇ ಪದ ಇದೆ: ‘ಮರಸು’. ಬೇಟೆಯವರು ಮರದ ಮೇಲೆ ಅಡಗಿ ಕೂತು ಪ್ರಾಣಿ ಬರುವುದನ್ನು ಕಾಯುತ್ತಿದ್ದದ್ದು. ಗುಡ್ಡೇಕಲ್ಲಿನ ಹರೋಹರ ಜಾತ್ರೆಯಲ್ಲಿ ನಾವು ಮಾಡುವುದೂ ಅದನ್ನೇ. ಒಳ್ಳೆ ಬೆಳಕಿರುವ ಒಂದು ಜಾಗ ನೋಡಿ ನಿಂತರೆ, ಕಾವಡಿ ಹೊತ್ತವರು ತಾವಾಗಿ ಚೌಕಟ್ಟಿನೊಳಗೆ ಬರುತ್ತಾರೆ. “ಇವತ್ತು ಮರಸು ಕೂತಿದ್ದೆ” ಅನ್ನುವುದು ನಮ್ಮೊಳಗೆ ಆಗಲೇ ರೂಢಿಯಾಗಿದೆ. ಆದರೆ ಅಡಿಬರಹಕ್ಕೆ ಬೇಟೆ ಬೇಡ ಅನ್ನಿಸುತ್ತದೆ.

ಜಾತ್ರೆಗೆ ‘ಮೈಮರೆತ’ ಚೆನ್ನಾಗಿ ಹೊಂದುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಎಲ್ಲರ ಕಣ್ಣೂ ಅಮ್ಮನ ಕಡೆ. ಮುಖದ ಮುಂದೆಯೇ ಕ್ಯಾಮೆರಾ ಹಿಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಮಾಮೂಲಿ ದಿನ ಬಜಾರಿನಲ್ಲಿ ಹಾಗಲ್ಲ. “ಯಾವ ಪೇಪರ್ ಸಾರ್?” ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಚಿಲ್ಲರೆ ಎಣಿಸುವವನಿಗೆ ಮೈಮರೆವು ಎಲ್ಲಿಂದ ಬರಬೇಕು?

ಇನ್ನು ನಾಯಿ. ‘ಬೀದಿನಾಯಿ’ ಅಂತ ಬರೆದರೆ ಓದುಗರು ಮುಂದಿನ ಪದ ‘ಹಾವಳಿ’ ಅಂತ ತಾವೇ ಸೇರಿಸಿಕೊಳ್ಳುತ್ತಾರೆ. ‘ಕಂತ್ರಿನಾಯಿ’ ಬೈಗುಳ. ಬಳೆ ಅಂಗಡಿ ನೆರಳಲ್ಲಿ ಹಾದು ಹೋಗುವ ನಾಯಿಗೆ ‘ಬಜಾರಿನ ನಾಯಿ’ ಅಂತ ಹಾಕಿದ್ದೇವೆ. ಸದ್ಯಕ್ಕೆ ಅದು ಗೆದ್ದಿದೆ. ನಾಯಿ ಫೋಟೊಗಳಿಗೇ ಹೆಸರಾದ ಎಲಿಯಟ್ ಅರ್ವಿಟ್, ನಾಯಿಗಳ ಎದುರು ತಾನೇ ಬೊಗಳಿ ಅವು ಬೆಚ್ಚಿದಾಗ ಫೋಟೊ ತೆಗೆಯುತ್ತಿದ್ದನಂತೆ. ಹಾಗೆ ಮಾಡಿದ ಮೇಲೆ ಅದು ತನ್ನ ಪಾಡಿಗಿದ್ದ ನಾಯಿ ಆಗುತ್ತದೋ ಇಲ್ಲವೋ, ಅದು ಬೇರೆ ಚರ್ಚೆ.

ಸುತ್ತಿ ಬಳಸಿ ನಾನು ‘ಪಾಡಿನ ಫೋಟೊ’ ಅನ್ನುವಲ್ಲಿಗೆ ಬಂದಿದ್ದೇನೆ. ‘ತನ್ನ ಪಾಡಿಗೆ ತಾನು’ ಅನ್ನುವುದರಲ್ಲಿ ಕಳ್ಳತನ ಇಲ್ಲ, ಬೇಟೆ ಇಲ್ಲ. ಮಾತು ಫೋಟೊದಲ್ಲಿ ಇರುವವರ ಮೇಲೆ ನಿಲ್ಲುತ್ತದೆ, ತೆಗೆದವರ ಮೇಲಲ್ಲ. ‘ಪಾಡಿನ ಪಟ’ ಅಂದರೆ ಪ್ರಾಸವೂ ಕೂಡುತ್ತದೆ. ಆದರೆ ಪಟ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಹಿರಿಯರು ಕಾಣುತ್ತಾರೆ, ಅದಕ್ಕೆ ಬಿಟ್ಟೆ.

ನನ್ನ ಅನುಮಾನ ಇಷ್ಟು. ‘ನಮ್ಮ ಪಾಡು ಯಾರಿಗೂ ಬೇಡ’ ಅನ್ನುವಾಗ ಪಾಡು ಎಂದರೆ ಕಷ್ಟ. ‘ಪಾಡಿನ ಫೋಟೊ’ ಅಂದರೆ ನಿಮಗೆ ಮೊದಲು ಯಾವ ಅರ್ಥ ಹೊಳೆಯುತ್ತದೆ? ಸೊಪ್ಪಿನ ಅಜ್ಜಿಯ ಫೋಟೊ ಕೆಳಗೆ ಅದನ್ನು ಬರೆದರೆ ಬಡತನ ತೋರಿಸಲು ಹೊರಟವರ ಹಾಗೆ ಕಾಣುತ್ತೇವಾ? ‘ಪಾಡಿಗಿದ್ದ ಫೋಟೊ’ ಅಂತ ತಿದ್ದಿದರೆ ಆ ಅರ್ಥ ಹೋಗುತ್ತದಾ, ಇಲ್ಲ ವ್ಯಾಕರಣವೇ ಕೆಡುತ್ತದಾ? ಹಾಗೇ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ದಯವಿಟ್ಟು ಹೇಳಿ: ‘ಮರಸು’ ಪದವನ್ನು ಬೇಟೆ ಬಿಟ್ಟು ಬೇರೆ ಕಾಯುವಿಕೆಗೂ ನಿಮ್ಮಲ್ಲಿ ಯಾರಾದರೂ ಬಳಸುತ್ತಾರಾ?