ತೇಗದ ಚಪ್ಪರದ ಸ್ಕ್ರೂಗಳು ಒಂದೇ ಮಳೆಗಾಲಕ್ಕೆ ಕೆಂಪಾಗಿವೆ, ಯಾವುದು ಹಾಕಬೇಕು?

ಚಪ್ಪರದವರು:
ನಮಸ್ಕಾರ. ಬಯಲಲ್ಲಿ ತೇಗದ ಚಪ್ಪರ ನಿಲ್ಲಿಸಿದ್ದೇವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ತಲೆಗಳೆಲ್ಲ ಕೆಂಪು. ಪ್ರತಿ ಸ್ಕ್ರೂ ಕೆಳಗೂ ಮರದ ಮೇಲೆ ಕಪ್ಪು ಗೆರೆ ಇಳಿದಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಪೊಟ್ಟಣದ ಮೇಲೆ ತುಕ್ಕು ಹಿಡಿಯಲ್ಲ ಅಂತ ಬರೆದಿತ್ತು, ಸ್ಕ್ರೂಗಳು ಫಳಫಳ ಹೊಳೆಯುತ್ತಿದ್ದವು. ಕಂಬದ ದಪ್ಪ ಬೋಲ್ಟ್‌ಗಳ ತಲೆ ಮೇಲೆ ಎ2-70 ಅಂತಿದೆ. ಅವುಗಳಲ್ಲೂ ಅಲ್ಲಲ್ಲಿ ಕಂದು ಚುಕ್ಕೆ. ಎಲ್ಲ ಬಿಚ್ಚಿ ಹೊಸದು ಹಾಕಬೇಕಾ?

ಹಳೇ ಫಿಟ್ಟರ್:
ಬೋಲ್ಟ್ ಮುಟ್ಟಬೇಡಿ. ಸ್ಕ್ರೂದು ಒಂದು ಕತೆ, ಬೋಲ್ಟ್‌ದು ಇನ್ನೊಂದು.

ಆ ಹೊಳಪು ಬರೀ ಜಿಂಕ್ ಪ್ಲೇಟಿಂಗ್. ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ದಪ್ಪ, ಮನೆಯೊಳಗಿನ ಕೆಲಸಕ್ಕೆ ಸಾಕು. ಕರಗಿದ ಜಿಂಕ್‌ನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಮಾಲು ನೋಡಲು ಮಾಸಲು ಬೂದು, ಮೈ ಒರಟು, ಆದರೆ ಕೋಟಿಂಗ್ ಎಷ್ಟೋ ಪಟ್ಟು ದಪ್ಪ. ಜಿಂಕ್ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ, ಹಾಗಾಗಿ ದಪ್ಪ ಇದ್ದಷ್ಟು ಬಾಳಿಕೆ. ಹೊಳಪು ನೋಡಿ ಸ್ಕ್ರೂ ಕೊಳ್ಳೋದು ಸುಮ್ನೆ ದುಡ್ಡು ದಂಡ. ಒಂದು ಸ್ಕ್ರೂ ಬಿಚ್ಚಿ, ತಲೆಯಲ್ಲಿ ಸ್ಕ್ರೂಡ್ರೈವರ್ ಬಿಟ್ ಕೂರುವ ತೋಡು ನೋಡಿ. ಬಿಟ್ ಜಾರಿ ಕೆರೆದ ಜಾಗದಲ್ಲೇ ತುಕ್ಕು ಜಾಸ್ತಿ ಇರುತ್ತದೆ.

ಕಪ್ಪು ಗೆರೆ ತುಕ್ಕಲ್ಲ. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶಕ್ಕೆ ಕಬ್ಬಿಣ ಮತ್ತು ನೀರು ಸೇರಿದರೆ ಮಸಿಯಾಗುತ್ತದೆ. ಹಿಂದೆ ಬರೆಯುವ ಮಸಿಯನ್ನೇ ಹೀಗೆ ಮಾಡುತ್ತಿದ್ದರು. ಆಕ್ಸಾಲಿಕ್ ಆಸಿಡ್ ದ್ರಾವಣ ಹಚ್ಚಿದರೆ ಬಹುಮಟ್ಟಿಗೆ ಹೋಗುತ್ತದೆ. ಅದು ವಿಷ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡೇ ಮಾಡಿ, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಹಳೆ ಸ್ಕ್ರೂ ತೆಗೆಯದೆ ಹಚ್ಚಿದರೆ ಮತ್ತೆ ಕಪ್ಪಾಗುತ್ತದೆ.

ಬೋಲ್ಟ್ ಹತ್ತಿರ ಯಾರಾದರೂ ಗ್ರೈಂಡರ್ ಹಿಡಿದಿದ್ದರಾ? ಕಬ್ಬಿಣದ ಕಿಡಿ ಬಂದು ಕೂತರೂ ಅಂಥ ಕಂದು ಚುಕ್ಕೆ ಬರುತ್ತದೆ.

ಚಪ್ಪರದವರು:
ಹೌದು, ಕಬ್ಬಿಣದ ಆಂಗಲ್ ಅಲ್ಲೇ ಕತ್ತರಿಸಿದ್ದರು. ನೈಲಾನ್ ಪ್ಯಾಡ್‌ನಿಂದ ಉಜ್ಜಿದೆ, ಚುಕ್ಕೆ ಹೋಯಿತು! ಹೊಸ ಸ್ಕ್ರೂಗೆ ಅಂಗಡಿಯವರು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಸೆಲ್ಫ್ ಡ್ರಿಲ್ಲಿಂಗ್ ತೋರಿಸಿದರು. ಮ್ಯಾಗ್ನೆಟ್ ಅದಕ್ಕೆ ಗಟ್ಟಿಯಾಗಿ ಅಂಟುತ್ತದೆ. ಎಸ್‌ಎಸ್ ಅಲ್ವಾ ಹಾಗಾದರೆ?

ಉಪ್ಪುಗಾಳಿ:
ಎಸ್‌ಎಸ್ಸೇ, ಬಹುಶಃ 410 ಗ್ರೇಡ್. ಕಬ್ಬಿಣದ ತಗಡು ಕೊರೆಯಲು ಗಟ್ಟಿ ಮಾಡಿದ ಮಾಲು, ಆದರೆ ಹೊರಗಿಟ್ಟರೆ ಬೇಗ ಕಂದಾಗುತ್ತದೆ. ನಿಮ್ಮ ಬೋಲ್ಟ್‌ನ ಎ2 ಅಂದರೆ 304ರ ಬಳಗ: ಸುಮಾರು 18% ಕ್ರೋಮಿಯಂ, 8% ನಿಕ್ಕಲ್. ಇದಕ್ಕೆ ಮ್ಯಾಗ್ನೆಟ್ ಅಷ್ಟಾಗಿ ಅಂಟಲ್ಲ, ತಲೆ ಒತ್ತಿ ಮಾಡಿದ ಜಾಗದಲ್ಲಿ ಸ್ವಲ್ಪ ಎಳೆಯಬಹುದು, ಅದಕ್ಕೆ ಗಾಬರಿ ಬೇಡ. ಚಪ್ಪರಕ್ಕೆ 304 ಸಾಕು. ಸಮುದ್ರದ ಹತ್ತಿರ ಅಥವಾ ಈಜುಕೊಳದ ಪಕ್ಕ ಆದರೆ ಮಾತ್ರ 316, ಅಂದರೆ ಎ4. ಅದರಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಉಪ್ಪು ತಡೆಯುತ್ತದೆ.

ಚಪ್ಪರದವರು:
ಕಂಬದ ಬುಡದಲ್ಲಿ ಜಿಐ (ಜಿಂಕ್ ಲೇಪಿಸಿದ ಕಬ್ಬಿಣ) ಪ್ಲೇಟ್ ಇದೆ. ಅದಕ್ಕೆ ಎಸ್‌ಎಸ್ ಸ್ಕ್ರೂ ಹಾಕಿದರೆ ಒಂದನ್ನೊಂದು ತಿನ್ನುತ್ತವೆ ಅಂತಾರೆ?

ಹಳೇ ಫಿಟ್ಟರ್:
ಯಾವುದು ದೊಡ್ಡದು ಅನ್ನೋದೇ ಮುಖ್ಯ. ದೊಡ್ಡ ಜಿಐ ಪ್ಲೇಟ್‌ನಲ್ಲಿ ಸಣ್ಣ ಎಸ್‌ಎಸ್ ಸ್ಕ್ರೂ ಇದ್ದರೆ ಪ್ಲೇಟ್ ತಾಳಿಕೊಳ್ಳುತ್ತದೆ. ಉಲ್ಟಾ ಆದರೆ, ಅಂದರೆ ದೊಡ್ಡ ಎಸ್‌ಎಸ್ ಪ್ಲೇಟ್‌ಗೆ ಸಣ್ಣ ಜಿಐ ಬೋಲ್ಟ್ ಹಾಕಿದರೆ, ಬೋಲ್ಟ್ ಬೇಗ ಸವೆದು ಹೋಗುತ್ತದೆ. ನೀರು ನಿಲ್ಲುವ ಜಾಗವಾದರೆ ನಡುವೆ ನೈಲಾನ್ ವಾಷರ್ ಇಡಿ.

304 ಸ್ಕ್ರೂ ಸ್ವಲ್ಪ ಮೆತ್ತಗೆ. ತೇಗದಲ್ಲಿ ಮೊದಲು ತೂತು ಕೊರೆಯದೆ ಬಿಗಿದರೆ ತಲೆ ಮುರಿದು ಕೈಗೆ ಬರುತ್ತದೆ. ಎಳೆಗೆ ಮೇಣ ಸವರಿ, ನಿಧಾನವಾಗಿ ಬಿಗಿಯಿರಿ. ಎಸ್‌ಎಸ್ ನಟ್-ಬೋಲ್ಟ್‌ಗೆ ಇಂಪ್ಯಾಕ್ಟ್ ಡ್ರೈವರ್ (ಬಡಿದು ಬಡಿದು ಬಿಗಿಯುವ ಮಷಿನ್) ಬೇಡವೇ ಬೇಡ. ಎಳೆಗಳು ಕಚ್ಚಿಕೊಂಡರೆ ಕತ್ತರಿಸಿಯೇ ತೆಗೆಯಬೇಕು.

ಚಪ್ಪರದವರು:
ಹಳೆ ತೂತಿಗೇ ಹಾಕಬಹುದಾ?

ಹಳೇ ಫಿಟ್ಟರ್:
ತೂತಿನ ಸುತ್ತ ಮರ ಗಟ್ಟಿ ಇದ್ದರೆ ಒಂದು ಸೈಜ್ ದಪ್ಪದ ಸ್ಕ್ರೂ ಹಾಕಿ. ಉಗುರಿನಿಂದ ಒತ್ತಿದರೆ ಕುಸಿಯುವಷ್ಟು ಮೆತ್ತಗಾಗಿದ್ದರೆ ಹಳೆ ತೂತಿಗೆ ಮರದ ಬೆಣೆ ಹೊಡೆದು ಮುಚ್ಚಿ, ಸ್ವಲ್ಪ ಪಕ್ಕದಲ್ಲಿ ಹೊಸದು ಕೊರೆಯಿರಿ.