ವೀಣೆ ಮೀಟಿ ಉಗುರು ಸೀಳುತ್ತಿದೆ, ಪ್ಲೆಕ್ಟ್ರಮ್ ಹಾಕಿಸಲೇ?

ಡೊಂಬಿವಲಿ: ಮಗಳು ವೀಣೆ ಕಲಿಯುತ್ತಿದ್ದಾಳೆ. ಬಲಗೈ ತೋರುಬೆರಳಿನ ಉಗುರು ಪದೇ ಪದೇ ಸೀಳುತ್ತದೆ. ಉಗುರು ಬೆಳೆಸಿದರೆ ಶಾಲೆಯಲ್ಲಿ ಬೈಗುಳ. ಬೆರಳಿಗೆ ತೊಟ್ಟು ಮೀಟುವ ಲೋಹದ ತಂತಿಯ ಉಂಗುರ, ಅಂದರೆ ಪ್ಲೆಕ್ಟ್ರಮ್, ಹಾಕಿಸಲೇ? ಅನುಭವ ಇದ್ದವರು ಹೇಳಿ.

ಮಾಟುಂಗ, ವೀಣೆ: ಬೇಡ. ನಾನು ಇವತ್ತಿಗೂ ಬರಿ ಬೆರಳಲ್ಲೇ ಮೀಟುತ್ತೇನೆ. ಮೈಸೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿನ ಮಳೆಗಾಲಕ್ಕೆ, ಪಾತ್ರೆ ಸೋಪಿಗೆ ಉಗುರು ಮೆತ್ತಗಾಗಿ ಪದರ ಏಳುತ್ತಿತ್ತು. ಪಾರ್ಲರಿನಲ್ಲಿ ಜೆಲ್ ಹಾಕಿಸಿದೆ. ಎರಡೇ ಬೆರಳಿಗೂ ಇಡೀ ಕೈಯ ದುಡ್ಡು, 1,200 ರೂಪಾಯಿ! ತೆಗೆಸಲು ಬೇರೆ 400. ತೆಗೆದಾಗ ಅಡಿಯ ಉಗುರು ಕಾಗದದಷ್ಟು ತೆಳು. ಒಪ್ಪಿಕೊಂಡಿದ್ದ ನವರಾತ್ರಿ ಕಚೇರಿ ಬಿಟ್ಟುಕೊಟ್ಟೆ. ಆದರೂ ಲೋಹ ಮುಟ್ಟಲಿಲ್ಲ. ಉಗುರಿನ ಜೊತೆ ಬೆರಳ ತುದಿಯೂ ತಾಗಿದರೇ ನಾದ ದುಂಡಗಿರುತ್ತದೆ.

ಕೊಥ್ರೂಡ್, ಸಿತಾರ್: ಲೋಹ ಅಂದ್ರೆ ಅಷ್ಟು ಕೀಳಾ ಅಕ್ಕ? ನಾನು ಧಾರವಾಡದವನು. ಸಿತಾರ್ ಉಸ್ತಾದ್ ರಹಿಮತ್ ಖಾನರ ಕಾಲದಿಂದ ನಮ್ಮೂರಲ್ಲಿ ಸಿತಾರ್ ಮಿಜರಾಬಿನಿಂದಲೇ (ತೋರುಬೆರಳಿಗೆ ತೊಡುವ ತಂತಿಯ ಪ್ಲೆಕ್ಟ್ರಮ್) ಹಾಡಿದೆ. ಬಿಗಿ ಮಿಜರಾಬ್ ಹಾಕಿ ನನಗೂ ಬೆರಳು ಊದಿತ್ತು, ಉಗುರಿನ ಬುಡದಲ್ಲಿ ಕೀವು. ಡಾಕ್ಟರಿಗೆ 800, ಔಷಧಿಗೆ 350. ಸಿತಾರ್ ತಯಾರಿಸುವ ಊರಾದ ಮಿರಜ್‌ಗೆ ಹೋಗಿ ಅಳತೆಗೆ ತಕ್ಕದ್ದು ತಂದೆ. ಬಸ್ಸಿನ ಖರ್ಚೇ ಮಿಜರಾಬಿಗಿಂತ ಜಾಸ್ತಿ ಆಯಿತು. ಈಗ ‘ದಾ’ ಪೆಟ್ಟು ಒಳಕ್ಕೆ, ‘ರಾ’ ಪೆಟ್ಟು ಹೊರಕ್ಕೆ, ಕೊನೆಯ ವೇಗದ ಝಾಲಾದಲ್ಲೂ ಒಂದು ಪೆಟ್ಟು ತಪ್ಪೋದಿಲ್ಲ.

ಮಾಟುಂಗ, ವೀಣೆ: ನಿಮ್ಮದು ಒಂದೇ ಬೆರಳಿನ ಕೆಲಸ ರೀ. ನಮಗೆ ತೋರುಬೆರಳು, ನಡುಬೆರಳು ಎರಡೂ ಮೀಟಬೇಕು, ಪಕ್ಕದ ತಾಳದ ತಂತಿಗೆ ಕಿರುಬೆರಳು. ಅದಕ್ಕೂ ಮಿಜರಾಬ್ ತೊಡಿಸ್ತೀರಾ?

ಕೊಥ್ರೂಡ್, ಸಿತಾರ್: ಪ್ಲೆಕ್ಟ್ರಮ್ ಹಾಕಿ ವೀಣೆ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರದ್ದೂ ನಾದವೇ.

ಮಡಗಾಂವ್, ಗಿಟಾರ್: ನಮ್ಮಲ್ಲೂ ಈ ಜಗಳ ಹಳೆಯದು. ಹಳೆಯ ಸ್ಪೇನಿನ ಗಿಟಾರ್ ವಾದಕರಲ್ಲಿ ಸೋರ್ ಉಗುರಿಲ್ಲದೆ ಬೆರಳ ತುದಿಯಲ್ಲೇ ಮೀಟುವವರು, ಅಗ್ವಾಡೊ ಉಗುರಿನವರು. ಆದರೂ ಪ್ಯಾರಿಸ್ಸಿನಲ್ಲಿ ಸ್ನೇಹಿತರಾಗಿದ್ದರು. ಅವರ ನಂತರದ ತಾರೆಗಾ ಕೊನೆಗಾಲದಲ್ಲಿ ಉಗುರು ಕತ್ತರಿಸಿಯೇಬಿಟ್ಟರು. ನಾನೂ ಕತ್ತರಿಸಿದೆ. ಸದ್ದು ಸಣ್ಣದಾಯಿತು ನಿಜ. ಒಂದು ಹೋಟೆಲಿನವರು ಕೇಳಿಸೋದೇ ಇಲ್ಲ ಅಂತ ಸಂಭಾವನೆಯಲ್ಲಿ 2,000 ಹಿಡಿದುಕೊಂಡರು. 6,500 ಕೊಟ್ಟು ಗಿಟಾರಿಗೆ ಪಿಕಪ್ (ತಂತಿಯ ಸದ್ದನ್ನು ಸ್ಪೀಕರಿಗೆ ಕಳಿಸುವ ಸಾಧನ) ಕೂರಿಸಿದೆ. ಆ ಮೃದು ದನಿಗೆ ಎಷ್ಟು ಕೊಟ್ಟರೂ ಕಡಿಮೆಯೇ.

ಕೊಥ್ರೂಡ್, ಸಿತಾರ್: ಸರ್, ನಿಮ್ಮದು ನೈಲಾನ್ ತಂತಿ. ಉಕ್ಕಿನ ತಂತಿ ಮೇಲೆ ಬರಿ ಬೆರಳಲ್ಲಿ ಒಂದು ಗಂಟೆ ಕೂತು ನೋಡಿ, ಆಮೇಲೆ ಮಾತಾಡಿ.

ಮಾಟುಂಗ, ವೀಣೆ: ಕೂತಿದ್ದೇನೆ. ಬೆರಳು ಜಡ್ಡುಗಟ್ಟುತ್ತದೆ, ಸಾಯೋದಿಲ್ಲ. ಆದರೆ ಪಿಕಪ್ ಹಾಕಿ ಮೃದು ದನಿ ಅನ್ನೋದನ್ನು ನಾನು ಒಪ್ಪೋದಿಲ್ಲ. ಸ್ಪೀಕರಿನಿಂದ ಬರೋದು ನಿಮ್ಮ ಬೆರಳಿನ ದನಿ ಹೇಗಾಗುತ್ತೆ?

ಮಡಗಾಂವ್, ಗಿಟಾರ್: ಮೇಡಂ, ನೀವು ಸಭಾಂಗಣದಲ್ಲಿ ಮೈಕ್ ಇಲ್ಲದೆ ನುಡಿಸ್ತೀರಾ?

ಮಾಟುಂಗ, ವೀಣೆ: ಮೈಕ್ ಬೇರೆ, ವಾದ್ಯಕ್ಕೇ ಅಂಟಿಸೋ ಪಿಕಪ್ ಬೇರೆ. ಕಚೇರಿಗೆ ಬನ್ನಿ, ಮೊದಲ ಸಾಲಲ್ಲಿ ಕೂತು ಕೇಳಿ.