ಪದಚರ್ಚೆ: ಷೇರು ಚಾರ್ಟಿನ ಸಪೋರ್ಟ್, ರೆಸಿಸ್ಟೆನ್ಸ್‌ಗೆ ಏನನ್ನೋಣ?

ಗೆಳೆಯರೇ,

ಊರಲ್ಲಿರುವ ನಮ್ಮ ಚಿಕ್ಕಪ್ಪ ರಿಟೈರ್ ಆದ ಮೇಲೆ ಡಿಮ್ಯಾಟ್ ಖಾತೆ ತೆರೆದಿದ್ದಾರೆ. ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯ ಷೇರು ಕೊಂಡು, ದಿನಾ ಸಂಜೆ ಅದರ ಚಾರ್ಟಿನ ಫೋಟೋ ಕಳಿಸಿ 'ಇದೇನು ಹೇಳ್ತಿದೆ ನೋಡೋ' ಅನ್ನುತ್ತಾರೆ. ಕನ್ನಡದಲ್ಲೇ ಉತ್ತರ ಬರೆಯೋಣ ಅಂತ ಕೂತವನು ಎರಡನೇ ಸಾಲಿಗೇ ಸಿಕ್ಕಿಹಾಕಿಕೊಂಡೆ.

ಆ ಷೇರು ಮೂರು ಸಲ 180 ರೂಪಾಯಿ ಹತ್ತಿರ ಹೋಗಿ ವಾಪಸ್ ಬಂದಿದೆ. ಅಲ್ಲಿ ಮಾರುವವರು ಜಾಸ್ತಿ, ಅದು ರೆಸಿಸ್ಟೆನ್ಸ್. 150ಕ್ಕೆ ಇಳಿದಾಗೆಲ್ಲ ಕೊಳ್ಳುವವರು ಬರುತ್ತಾರೆ, ಅದು ಸಪೋರ್ಟ್. 'ಬೆಂಬಲ ಮಟ್ಟ', 'ಪ್ರತಿರೋಧ ಮಟ್ಟ' ಅಂತ ಬರೆಯುವವರಿದ್ದಾರೆ. ತಪ್ಪೇನಿಲ್ಲ, ಆದರೆ ಬೆಂಬಲ ಅಂದ ಕೂಡಲೇ ಚಿಕ್ಕಪ್ಪ ಕೇಳಿದ್ದು 'ಯಾರದ್ದು, ಸರ್ಕಾರದ್ದಾ?' ಅಂತ.

'ತಡೆ' ಅನ್ನಬಹುದು. ಆದರೆ ಇಂಥ ಸಣ್ಣ ಷೇರುಗಳಿಗೆ ದಿನಕ್ಕೆ 2, 5, 10 ಇಲ್ಲವೇ 20 ಪರ್ಸೆಂಟ್‌ಗಿಂತ ಹೆಚ್ಚು ಏರಬಾರದು, ಇಳಿಯಬಾರದು ಅಂತ ಎಕ್ಸ್‌ಚೇಂಜೇ ಸರ್ಕ್ಯೂಟ್ ಹಾಕಿರುತ್ತದೆ. ನಿಜವಾದ ತಡೆ ಅದು. 180ರಲ್ಲಿ ಯಾರೂ ತಡೆದಿಲ್ಲ, ಜನ ಮಾರುತ್ತಿದ್ದಾರೆ ಅಷ್ಟೇ.

ಆಮೇಲೆ ಹೊಳೆದದ್ದು 'ಕೋಡಿ'. ಕೆರೆ ನೀರು ಒಂದು ಮಟ್ಟಕ್ಕೆ ಬಂದರೆ ಕೋಡಿಯಲ್ಲಿ ಹರಿದುಹೋಗುತ್ತದೆ, ಇಲ್ಲಿ ಆಗುತ್ತಿರುವುದೂ ಅದೇ. ಆದರೆ ಕೋಡಿ ಬಿತ್ತು ಅಂದರೆ ನಮ್ಮ ಕಡೆ ಬಾಗಿನ ಬಿಡುವ ಸಂಭ್ರಮ. ಚಿಕ್ಕಪ್ಪ ಹೋಳಿಗೆ ಮಾಡಿಸಿಬಿಟ್ಟಾರು.

ಈಗ 'ಅಟ್ಟ' ಅನ್ನುತ್ತಿದ್ದೇನೆ. ಷೇರು 180 ದಾಟಿತು ಅಂದುಕೊಳ್ಳಿ, ಆಮೇಲೆ ಇಳಿದಾಗ ಎಷ್ಟೋ ಸಲ ಅದೇ 180ರಲ್ಲಿ ಕೊಳ್ಳುವವರು ಸಿಗುತ್ತಾರೆ, ಅಂದರೆ ನಿನ್ನೆಯ ರೆಸಿಸ್ಟೆನ್ಸೇ ಇವತ್ತು ಸಪೋರ್ಟ್. ಬೆಂಬಲ, ಪ್ರತಿರೋಧ ಅಂದರೆ ಚಾರ್ಟಿನಲ್ಲಿ 180ರ ಗೆರೆ ಒಂದೇ ಅನ್ನುವುದು ಕಾಣುವುದಿಲ್ಲ. ಅಟ್ಟ ಹಾಗಲ್ಲ, ಕೆಳಗೆ ನಿಂತರೆ ತಲೆಗೆ ಬಡಿಯುತ್ತದೆ, ಹತ್ತಿದರೆ ಅದೇ ನೆಲ. ಬೆಲೆ ಆ ಗೆರೆ ದಾಟಿ ಮೇಲೆ ಹೋಗುವ ಬ್ರೇಕ್‌ಔಟ್‌ಗೆ ಸುಮ್ನೆ 'ಅಟ್ಟ ಹತ್ತಿತು' ಅಂದರೆ ಸಾಕು ಅಲ್ವಾ? (ಹೊಗಳಿ ಅಟ್ಟಕ್ಕೇರಿಸುವ ಟಿಪ್ಸ್ ಗುಂಪುಗಳೂ ವಾಟ್ಸಾಪ್‌ನಲ್ಲಿ ಬೇಕಾದಷ್ಟಿವೆ, ಆ ಅರ್ಥವೂ ಹೊಂದುತ್ತದೆ.)

ಸಿಗದೇ ಇರುವುದು ಇನ್ನೊಂದು ಪದ. ಸಣ್ಣ ಕಂಪನಿಯ ಷೇರು ದಿನಕ್ಕೆ ಕೈ ಬದಲಾಗುವುದೇ ಸ್ವಲ್ಪ. ಯಾರೋ ಒಬ್ಬರು ದೊಡ್ಡ ಗಂಟು ಕೊಂಡರೂ ಬೆಲೆ ಗೆರೆ ದಾಟುತ್ತದೆ, ಸಂಜೆಗೆ ಮತ್ತೆ 176. ಚಾರ್ಟಿನಲ್ಲಿ ಒಂದೊಂದು ದಿನದ ಬೆಲೆಗೆ ಮೇಣದಬತ್ತಿಯಂಥ ಒಂದು ಗುರುತು ಇರುತ್ತದೆ, ಅದೇ ಕ್ಯಾಂಡಲ್. ಆ ದಿನದ ಕ್ಯಾಂಡಲ್‌ನ ಬತ್ತಿ (ಬೆಲೆ ಮುಟ್ಟಿ ಬಂದ ತುದಿ) ಮಾತ್ರ ಗೆರೆಯ ಮೇಲೆ ಇಣುಕುತ್ತದೆ, ಒಡಲು (ದಿನದ ಮೊದಲ ಬೆಲೆಯಿಂದ ಕೊನೆಯ ಬೆಲೆವರೆಗಿನ ಭಾಗ) ಕೆಳಗೇ ಇರುತ್ತದೆ. ಇದನ್ನು ಏನನ್ನೋಣ? 'ಹುಸಿ ನೆಗೆತ' ಅಂತ ಬರೆದು ಹೊಡೆದುಹಾಕಿದೆ, ಪುಸ್ತಕದ ವಾಸನೆ.

ಈ ಕ್ಯಾಂಡಲ್ ಚಾರ್ಟು ಜಪಾನಿನ ಅಕ್ಕಿ ವರ್ತಕರಿಂದ ಬಂದದ್ದು ಅನ್ನುತ್ತಾರೆ. ಹಾಗಾದರೆ ನಮ್ಮ ಮಂಡಿಗಳಲ್ಲೂ ಇಂಥ ಮಾತು ಇರಬೇಕು. ಶಿರಸಿ, ಶಿವಮೊಗ್ಗ ಕಡೆಯವರು ಯಾರಾದರೂ ಇದ್ದರೆ ಹೇಳಿ: ಅಡಿಕೆ ರೇಟು ಬೆಳಿಗ್ಗೆ ಜಿಗಿದು ಸಂಜೆಗೆ ಮೊದಲಿನ ಜಾಗಕ್ಕೇ ಬಂದರೆ ಮಂಡಿಯಲ್ಲಿ ಏನನ್ನುತ್ತಾರೆ?